ಮಾಯಮ್ಮ ಹತ್ತದ ಬೆಟ್ಟ

ಯುದ್ಧ ನಡೆಯುತ್ತಿದ್ದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಾಡುತ್ತಿದ್ದವು. ಏರು ಬಂತೆಂದರೆ ಟಿಕೆಟು ಕೊಂಡವರೇ ಇಳಿದು ತಳ್ಳಬೇಕು. ಹಾಗಾಗಿ ಮದ್ದೂರಿನಲ್ಲಿ ರೈಲು ಇಳಿದು, ಶಿವನಸಮುದ್ರದಲ್ಲಿ ನೀರು ಬೀಳುವುದನ್ನು ನೋಡಬೇಕು ಎನ್ನುವವರಿಗೆ ಮಳವಳ್ಳಿಯ ನಿಜಾಮುದ್ದೀನನ ಜಟಕಾವೇ ಗತಿ. ಅವನ ಕುದುರೆಯ ಹೆಸರು ಚಾಂದನಿ. ಹೆಸರು ಬೆಳದಿಂಗಳಾದರೂ ಬಣ್ಣ ಮಾತ್ರ ಸುಟ್ಟ ಇಟ್ಟಿಗೆಯದು.

ಬೆಳಕವಾಡಿ ದಾಟಿದ ಮೇಲೆ ಒಂದು ಪ್ರವಾಸಿ ಬಂಗಲೆ ಇತ್ತು. ಅದರ ಉಸ್ತುವಾರಿ ನೋಡುವ ಮೇಟಿ ಕರಿಯಪ್ಪ ಆ ವರ್ಷ ಹೊಸದೊಂದು ಕಾನೂನು ಮಾಡಿದ್ದ. ಇನ್ನು ಮೇಲೆ ಗೇಟಿನೊಳಕ್ಕೆ ಬಂದು ಪ್ರವಾಸಿಗರನ್ನು ಕರೆದುಕೊಂಡು ಹೋಗುವುದಕ್ಕೆ ಒಬ್ಬರಿಗೇ ಅಪ್ಪಣೆ. ಅವರ ಗುರುತಿಗೆ ಒಂದು ಹಿತ್ತಾಳೆ ಬಿಲ್ಲೆ. ಮಿಕ್ಕವರೆಲ್ಲ ರಸ್ತೆಯಾಚೆಯ ಹುಣಸೆಮರದ ಕೆಳಗೆ ಇರಬೇಕು. ಬಿಲ್ಲೆ ಆಗಲೇ ಬಂದು ಕರಿಯಪ್ಪನ ಮೇಜಿನ ಮೇಲೆ ಕೂತಿತ್ತು. ಯಾರಿಗೆ ಕೊಡಬೇಕೆಂದು ಹೊಳೆಯದೆ ಅವನು, “ಮುಂದೆ ಬರೋ ದೊರೆ ಯಾರ ಹೆಸರು ಬರ್ಕೊಡ್ತಾರೋ ಅವ್ರಿಗೆ” ಎಂದುಬಿಟ್ಟಿದ್ದ.

ಹುಣಸೆಮರದ ಕೆಳಗೆ ಕೂತವನನ್ನು ಯಾವ ಪ್ರವಾಸಿಯೂ ಹುಡುಕಿಕೊಂಡು ಬರುವುದಿಲ್ಲ. ಇದು ನಿಜಾಮುದ್ದೀನನಿಗೆ ಗೊತ್ತಿತ್ತು. ಬಿಲ್ಲೆ ಸಿಕ್ಕಿದರೆ ಚಾಂದನಿಗೆ ಹುರುಳಿ. ಸಿಗದಿದ್ದರೆ ಚಾಂದನಿಯನ್ನೇ ಸಂತೆಗೆ ಹೊಡೆಯಬೇಕು. ಅಷ್ಟೇ ಲೆಕ್ಕ.

ಮುಂದೆ ಬಂದ ದೊರೆ ವಿಲ್ಬಿ ಸಾಹೇಬ.

ಮದ್ದೂರಿನಲ್ಲಿ ಅವನು ರೈಲಿನಿಂದ ಇಳಿದಾಗ ಹೆಗಲಲ್ಲಿ ಬಾವಿಹಗ್ಗದಂಥ ದಪ್ಪ ಸುರುಳಿ, ಕೈಯಲ್ಲಿ ಮಂಜುಗಡ್ಡೆ ಕಡಿಯುವ ಕೊಡಲಿ, ಕಾಲಲ್ಲಿ ಮೊಳೆ ಬಡಿದ ಬೂಟು, ಕುತ್ತಿಗೆಯಲ್ಲಿ ಎತ್ತರ ಅಳೆಯುವ ಗಡಿಯಾರ. ಅದು ಏಪ್ರಿಲ್ ತಿಂಗಳು. ಪ್ಲಾಟ್‌ಫಾರಮ್ಮಿನ ಕಲ್ಲು ಕಾದು ನಾಯಿಗಳು ಕುಣಿದುಕೊಂಡು ನಡೆಯುತ್ತಿದ್ದವು. ಸಾಹೇಬ ಪ್ರತಿ ವರ್ಷ ಹಿಮಾಲಯಕ್ಕೆ ಹೋಗುವವನಂತೆ. ಯುದ್ಧ ಬಂದದ್ದರಿಂದ ಅಷ್ಟು ದೂರದ ರಜೆ ಕೊಡದೆ ಒಂದು ವಾರ ಕೊಟ್ಟಿದ್ದರು. ಒಂದು ವಾರದಲ್ಲಿ ಮುಟ್ಟುವ ಹಿಮಾಲಯ ಯಾವುದೆಂದು ನಕ್ಷೆ ಹರವಿ ನೋಡಿ ಅವನು ಮಳವಳ್ಳಿ ತಾಲ್ಲೂಕನ್ನು ಆರಿಸಿಕೊಂಡಿದ್ದ.

“ನೀರು ಬೀಳುವುದು ನನಗೆ ಬೇಡ,” ಎಂದ ಪಲ್ಟನ್ನಿನ ಹಿಂದೂಸ್ತಾನಿಯಲ್ಲಿ. “ಬೆಟ್ಟ ಬೇಕು. ಅದನ್ನು ಇದುವರೆಗೆ ಯಾರೂ ಹತ್ತಿರಬಾರದು.”

ನಿಜಾಮುದ್ದೀನ್ ಇಪ್ಪತ್ತು ವರ್ಷದಿಂದ ಜನ ಹೋಗುವ ಜಾಗಕ್ಕೆ ಜನರನ್ನು ಕರೆದುಕೊಂಡು ಹೋದವನು. ಜನ ಹೋಗದ ಜಾಗವನ್ನು ಯಾರೂ ಕೇಳಿರಲಿಲ್ಲ. ಆದರೂ ಕಣ್ಣ ಮುಂದೆ ಬಿಲ್ಲೆ ಹೊಳೆಯಿತು.

“ಬೇಕಾದಷ್ಟಿವೆ ಹುಜೂರ್,” ಎಂದ.

ಮೊದಲನೆಯ ದಿನ ಕರಡಿಗುಡ್ಡ. ಸಾಹೇಬ ಹಗ್ಗದ ಒಂದು ತುದಿಯನ್ನು ತನ್ನ ಸೊಂಟಕ್ಕೂ ಇನ್ನೊಂದನ್ನು ನಿಜಾಮುದ್ದೀನನ ಸೊಂಟಕ್ಕೂ ಕಟ್ಟಿದ. ಒಬ್ಬ ಜಾರಿದರೆ ಇನ್ನೊಬ್ಬ ಹಿಡಿಯಬೇಕಂತೆ. ಮೇಯುತ್ತಿದ್ದ ಆಡುಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಮೂರು ಗಂಟೆ ಹತ್ತಿ, ಕೊನೆಯ ಪೊದೆ ದಾಟಿ ಸಾಹೇಬ ತಲೆ ಎತ್ತಿದರೆ, ಗುಡ್ಡದ ನೆತ್ತಿಯಲ್ಲಿ ಮಾಯಮ್ಮ ಮಜ್ಜಿಗೆ ಗಡಿಗೆ ಇಟ್ಟುಕೊಂಡು ಕೂತಿದ್ದಳು.

ಮಾಯಮ್ಮನಿಗೆ ಅರವತ್ತು ದಾಟಿತ್ತು. ಗುಡ್ಡದ ತಪ್ಪಲಿನ ಹಟ್ಟಿಯವಳು. ಸೌದೆಗೆ ಹೋಗುವ ಹೆಂಗಸರಿಗೆ, ಆಡು ಕಾಯುವವರಿಗೆ ಮಜ್ಜಿಗೆ ಮಾರುವುದು ಅವಳ ಕಸುಬು.

“ಏನ್ಲಾ ನಿಜಾಮು,” ಎಂದಳು, “ಸಾಯೇಬ್ನ ಎಮ್ಮೆ ಇಡ್ಕೊಂಡ್ ಬಂದಂಗೆ ಅಗ್ಗ ಕಟ್ಕೊಂಡ್ ಬಂದಿದ್ದೀಯಲ್ಲ, ಓಡೋಗ್ಬುಡ್ತಾನಾ?”

ಸಾಹೇಬನ ಮುಖ ಇಳಿದುಹೋಯಿತು. ಕಲ್ಲಿನ ಮೇಲೆ ಕೂತು ಐದು ಲೋಟ ಮಜ್ಜಿಗೆ ಕುಡಿದ. ಬೆಲೆಯ ಜೊತೆಗೆ ಒಂದು ಬಿಸ್ಕತ್ತಿನ ಡಬ್ಬವನ್ನೂ ಕೊಟ್ಟ. ಡಬ್ಬದ ಮುಚ್ಚಳ ಅವಳ ಗಡಿಗೆಯ ಬಾಯಿಗೆ ಹೇಳಿ ಮಾಡಿಸಿದಂತೆ ಕೂತಿತು.

ಮರುದಿನ ಎರಡು ಮೈಲಿಯಾಚೆಯ ಕುರುಬನತಿಟ್ಟು. ಈ ಸಲ ಸಾಹೇಬ ಯಾರೂ ಹೋಗದ ಕಡಿದಾದ ಮಗ್ಗುಲನ್ನೇ ಹಿಡಿದು, ಒಣಮಣ್ಣಿನಲ್ಲಿ ಕೊಡಲಿಯಿಂದ ಮೆಟ್ಟಿಲು ಕಡಿಯುತ್ತಾ ಹತ್ತಿದ. ನೆತ್ತಿಗೆ ಬಂದು ನೋಡಿದರೆ ಮಾಯಮ್ಮ. ಗಡಿಗೆಯ ಮೇಲೆ ಬಿಸ್ಕತ್ತಿನ ಮುಚ್ಚಳ.

ನಿಜಾಮುದ್ದೀನ್ ಹಲ್ಲು ಕಚ್ಚಿ ಕೇಳಿದ: “ಇಲ್ಲಿಗೆ ಯಾಕ್ ಬಂದ್ಯಮ್ಮ? ನಿನ್ ಗುಡ್ಡ ಅದಲ್ವಾ?”

“ಒಂದೇ ಏಟ್ಗೆ ಐದು ಲೋಟ ಕುಡಿಯೋ ಗಿರಾಕಿನ ನನ್ ಜನ್ಮದಾಗೇ ಕಂಡಿಲ್ಲ ಕಣ್ಲಾ. ಬುಟ್ಬುಡಾಕಾಯ್ತದಾ? ಕೇಳು, ಉಪ್ಪು ಸರಿಯಾಗೈತಾ ಅಂತ.”

ಉಪ್ಪು ಸರಿಯಾಗಿತ್ತು. ಸಾಹೇಬ ಆರು ಲೋಟ ಕುಡಿದ.

ಆದರೆ ಸಂಜೆ ಬಂಗಲೆಯ ಜಗಲಿಯಲ್ಲಿ ಅವನು ಖಂಡಿತ ಮಾಡಿಬಿಟ್ಟ. “ನಾಳೆ ಮೂರನೆಯ ಬೆಟ್ಟ. ತುದಿಯಲ್ಲಿ ಆ ಮುದುಕಿ ಕಂಡರೆ ನಿನ್ನ ಹೆಸರು ಬರೆಯುವುದಿಲ್ಲ. ಇಳಿದು ಬಂದ ಮೇಲೆ, ನನಗಿಂತ ಮುಂಚೆ ಯಾರೂ ಅದನ್ನು ಹತ್ತಿಲ್ಲ ಎಂದು ನೀನು ಕುದುರೆಯ ತಲೆ ಮುಟ್ಟಿ ಆಣೆ ಮಾಡಬೇಕು.”

ಬಾಯಿ ಮಾತಿಗೆ ನಿಜಾಮುದ್ದೀನ್ ಎಷ್ಟಾದರೂ ಬೆಟ್ಟಗಳನ್ನು ಯಾರೂ ಹತ್ತದಂತೆ ಮಾಡಬಲ್ಲ. ಚಾಂದನಿಯ ತಲೆ ಮುಟ್ಟಿ ಸುಳ್ಳು ಹೇಳಲಾರ. ನೇರವಾಗಿ ಹಟ್ಟಿಗೆ ನಡೆದ. ಮಾಯಮ್ಮ ಬಾಗಿಲಲ್ಲಿ ಕೂತು ಬೆಣ್ಣೆ ತೆಗೆಯುತ್ತಿದ್ದಳು.

“ಅಮ್ಮಾ, ನಾಳೆ ದೊಡ್ಡಗಲ್ಲಿನ ಬೆಟ್ಟಕ್ಕೆ ಬರ್ಬ್ಯಾಡ.”

“ಯಾಕ್ಲಾ? ನನ್ ಮಜ್ಜಿಗೆ ಉಳಿ ಬಂದೈತಾ?”

“ಅದ್ಕಲ್ಲ. ಸಾಹೇಬ್ರಿಗೆ ಯಾರೂ ಇಲ್ದಿರೋ ಬೆಟ್ಟ ಬೇಕಂತೆ.”

“ಯಾರೂ ಇಲ್ದಿದ್ರೆ ಮಜ್ಜಿಗೆ ಯಾರ್ ಕೊಟ್ಟಾರು? ನಿಮ್ ತಾತ ಬಂದು ಕೊಡ್ತಾನಾ?”

“ನೀನು ತುದೀಲಿ ಕಂಡ್ರೆ ನಂಗೆ ಬಿಲ್ಲೆ ಇಲ್ಲ. ಬಿಲ್ಲೆ ಇಲ್ದಿದ್ರೆ ಚಾಂದನಿ ಇಲ್ಲ.”

ಮಾಯಮ್ಮ ಕಡಗೋಲು ನಿಲ್ಲಿಸಿದಳು. ಚಾಂದನಿಗೆ ಬೇಸಿಗೆಯಲ್ಲಿ ಎಷ್ಟೋ ಸಲ ನೀರು ಕುಡಿಸಿದವಳು ಅವಳು. “ಸರಿ ಬುಡು. ತುದಿ ಮ್ಯಾಗೆ ನಾನಿರಾಕಿಲ್ಲ. ಸಾಕಾ?”

“ಸಾಕು. ಇನ್ನೊಂದ್ ಮಾತು. ಆ ಬೆಟ್ಟನ ಯಾರಾದ್ರೂ ಹತ್ತವ್ರಾ?”

“ಸೌದೆಗೆ ಊರೇ ಅತ್ತುತ್ತಲ್ಲೋ!”

ನಿಜಾಮುದ್ದೀನ್ ಹಣೆ ಹಣೆ ಚಚ್ಚಿಕೊಂಡು ವಾಪಸು ಬಂದ.

ಮೂರನೆಯ ದಿನ ದೊಡ್ಡಗಲ್ಲಿನ ಬೆಟ್ಟ. ಮೇಲೆ ಅಂಗಳದಷ್ಟು ಬಯಲು. ಬಯಲಿನ ನಡುವೆ ಆನೆ ಕೂತ ಹಾಗೆ ಒಂದು ದೊಡ್ಡ ಗುಂಡು, ಎರಡಾಳೆತ್ತರ. ಬಯಲಲ್ಲಿ ಯಾರೂ ಇರಲಿಲ್ಲ. ಸಾಹೇಬ ಸುತ್ತ ಕಣ್ಣಾಡಿಸಿ ಮುದುಕಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತುದಿ ಎಂದರೆ ತುದಿಯೇ ಎನ್ನುತ್ತಾ ಗುಂಡಿನ ಕಡೆ ನಡೆದ. ಮೊಳೆಬೂಟು ಎರಡು ಸಲ ಜಾರಿತು. ಬೂಟು ಬಿಚ್ಚಿಸಿ ನಿಜಾಮುದ್ದೀನ್ ಹೆಗಲು ಕೊಟ್ಟ. ಸಾಹೇಬ ಹೆಗಲಿನ ಮೇಲೆ ನಿಂತ, ಆಮೇಲೆ ರುಮಾಲಿನ ಮೇಲೆ ನಿಂತ, ಆಮೇಲೆ ಮೇಲಕ್ಕೆ ಹೋದ.

ಅಲ್ಲಿ ಕೈವಸ್ತ್ರದ ಬಾವುಟ ಹಿಡಿದು ಮೂರು ದಿಕ್ಕಿಗೂ ಇಂಗ್ಲಿಷಿನಲ್ಲಿ ಏನೋ ಭಾಷಣ ಮಾಡಿದ. ಗಡಿಯಾರ ನೋಡಿ ಎತ್ತರ ಬರೆದುಕೊಂಡ. ನಾಲ್ಕನೆಯ ದಿಕ್ಕಿಗೆ ತಿರುಗುವ ಹೊತ್ತಿಗೆ ಗಂಟಲು ಕಟ್ಟಿತು.

“ನೀರು!” ಎಂದ.

“ಬಾಟಲಿ ನಿಮ್ಮ ಹತ್ತಿರ ಅಲ್ಲವೇ ಹುಜೂರ್?”

“ಜಟಕಾದಲ್ಲಿ ಬಿಟ್ಟೆ. ಹೊರೆ ಯಾಕೆ? ಮೇಲೆ ಮುದುಕಿ ಇರುತ್ತಾಳಲ್ಲ!”

“ಮುದುಕಿ ಬೇಡವೆಂದು ನೀವೇ ಹೇಳಿದಿರಿ.”

“ಮುದುಕಿ ಬೇಡ ಎಂದೆ. ಮಜ್ಜಿಗೆ ಬೇಡ ಎಂದೆನೆ?”

ಗುಂಡು ಹೆಂಚಿನಂತೆ ಕಾದಿತ್ತು. ಬರಿಗಾಲಿನ ಸಾಹೇಬ ಒಂದು ಕಾಲು ಬಿಟ್ಟು ಇನ್ನೊಂದರ ಮೇಲೆ ನಿಲ್ಲತೊಡಗಿದ, ಮದ್ದೂರು ಸ್ಟೇಷನ್ನಿನ ನಾಯಿಯ ಹಾಗೆ. ಇಳಿಯಲು ಬಗೆ ಕಾಣದು. ತುಟಿ ಬಿಳಿಚಿಕೊಂಡು ಅವನು ಕೈ ಎರಡೂ ಬಾಯಿಯ ಹತ್ತಿರ ಹಿಡಿದು, ಮೂರು ದಿನದಲ್ಲಿ ಕಲಿತಿದ್ದ ಒಂದೇ ಒಂದು ಕನ್ನಡದ ಮಾತನ್ನು ಕೂಗಿದ:

“ಮಜ್ಜಿಗೇ!”

“ಇಲ್ಲಿವ್ನಿ ಕಣಪ್ಪೋ, ಯಾಕಂಗ್ ಅರಚ್ತೀಯಾ?” ಎಂದು ಗುಂಡಿನ ಹಿಂದಿನ ನೆರಳಿನಿಂದ ಮಾಯಮ್ಮ ಎದ್ದು ಬಂದಳು.

“ತುದೀಲಿ ಇರಲ್ಲ ಅಂದಿದ್ಯಲ್ಲಮ್ಮ!” ಎಂದ ನಿಜಾಮುದ್ದೀನ್, ಅಳು ಬಂದವನ ಹಾಗೆ.

“ಎಲ್ಲವ್ನಿ? ತುದಿ ಅಗೋ, ಅವ್ನ್ ನಿಂತಿರೋದು. ನಾನ್ ಕೆಳಗವ್ನಿ.”

ಸಾಹೇಬ ಸೊಂಟದ ಹಗ್ಗ ಇಳಿಬಿಟ್ಟ, ಅದರ ತುದಿಗೆ ಗಡಿಗೆ ಕಟ್ಟಿದರು. ಸಾಹೇಬ ಅದನ್ನು ಮೇಲಕ್ಕೆ ಸೇದಿಕೊಂಡು ಗಡಿಗೆಗೇ ಬಾಯಿ ಹಚ್ಚಿದ. ಆಗ ನಿಜಾಮುದ್ದೀನನಿಗೆ ಏನೋ ಹೊಳೆಯಿತು.

“ಅಮ್ಮಾ, ಈ ಗುಂಡಿನ ಮೇಲೆ ಯಾರಾದ್ರೂ ಹತ್ತಿದ್ದು ಉಂಟಾ?”

“ಅದ್ರ್ ಮ್ಯಾಗೆ ಏನೈತ್ಲಾ? ಸೌದೆ ಇಲ್ಲ, ನೆಳ್ಳಿಲ್ಲ, ಆಡಿಗೆ ಮೇವಿಲ್ಲ. ನಮ್ಮಜ್ಜಿ ಕಾಲ್ದಿಂದ್ಲೂ ಯಾರೂ ಅತ್ತಿಲ್ಲ. ಅಷ್ಟು ತಲೆ ಕೆಟ್ಟೋರು ನಮ್ಮಟ್ಟೀಲಿ ಇನ್ನೂ ಉಟ್ಟಿಲ್ಲ ಕಣ್ಲಾ.”

ನಿಜಾಮುದ್ದೀನ್ ಈ ಮಾತಿನಲ್ಲಿ ಬೇಕಾದಷ್ಟನ್ನು ಮಾತ್ರ ಹಿಂದೂಸ್ತಾನಿಗೆ ತಿರುಗಿಸಿ ಮೇಲಕ್ಕೆ ಕೂಗಿದ. ಸಾಹೇಬ ಗಡಿಗೆ ಇಳಿಸಿ, ಎದೆಯ ಮೇಲೆ ಕೈ ಇಟ್ಟುಕೊಂಡ. ಮೀಸೆಯಿಂದ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು. ಎರಡಾಳೆತ್ತರದ ಆ ಬೆಟ್ಟವನ್ನು ಅವನಿಗಿಂತ ಮುಂಚೆ ನಿಜವಾಗಿಯೂ ಯಾರೂ ಹತ್ತಿರಲಿಲ್ಲ.

ಇಳಿಯುವುದಕ್ಕೂ ಮಾಯಮ್ಮನೇ ದಾರಿ ಹೇಳಿದಳು. “ಮಕ್ಕಳಂಗೆ ಕುಂತು ಜಾರು ಅನ್ನು.” ಸಾಹೇಬ ಕೂತು ಜಾರಿದ. ಚಲ್ಲಣದ ಹಿಂಭಾಗ ಬೆಟ್ಟದಲ್ಲೇ ಉಳಿಯಿತು.

ಕೆಳಗೆ ಬಂದು ನಿಜಾಮುದ್ದೀನ್ ಚಾಂದನಿಯ ತಲೆಯ ಮೇಲೆ ಅಂಗೈ ಊರಿ, ಧೈರ್ಯವಾಗಿ ಆಣೆ ಮಾಡಿದ. ಚಾಂದನಿ ಕಿವಿ ಕೂಡ ಅಲ್ಲಾಡಿಸಲಿಲ್ಲ.

ಸಾಹೇಬ ಕಾಗದ ಬರೆದಿಟ್ಟು ಮರುದಿನದ ರೈಲಿಗೆ ಹೋದ. ಅವನನ್ನು ಮದ್ದೂರಿಗೆ ಬಿಟ್ಟು, ಮಳವಳ್ಳಿಯಲ್ಲಿ ಒಂದು ರಾತ್ರಿ ತಂಗಿ, ನಿಜಾಮುದ್ದೀನ್ ಬಂಗಲೆಗೆ ಬಂದಾಗ ಕರಿಯಪ್ಪ ಕಾಗದವನ್ನು ಯಾರಿಂದಲೋ ಓದಿಸಿ ಮುಗಿಸಿದ್ದ.

“ಮೂರು ಬೆಟ್ಟಕ್ಕೂ ತಮಗಿಂತ ಮುಂಚೆ ಓಗಿ ಕುಂತಿದ್ದೋಳು ಒಬ್ಳೇಯಂತೆ. ದಾರಿ ಗೊತ್ತಿರೋದೂ ಅವಳೊಬ್ಳಿಗೇಯಂತೆ. ಬಿಲ್ಲೆ ಮಾಯಮ್ಮಂಗೆ ಕೊಡಿ ಅಂತ ಬರ್ದವ್ರೆ,” ಎಂದ ಕರಿಯಪ್ಪ.

“ನಾನು?”

“ನಿಂದೂ ಬರ್ದವ್ರೆ. ಎಗಲು ಗಟ್ಟಿಯಾಗೈತಂತೆ. ಲೇ, ತಗೊಂಡೋಗಿ ಕೊಟ್ಟು ಬಾ. ಬೇರೆ ಯಾವ ಮನುಸ್ಯನ ಎದೆ ಮ್ಯಾಗೂ ಅದು ಕಾಣ್ಕೂಡ್ದು, ಗ್ಯಾನ ಇರ್ಲಿ.”

ನಿಜಾಮುದ್ದೀನ್ ಬಿಲ್ಲೆ ತೆಗೆದುಕೊಂಡು ಹಟ್ಟಿಗೆ ಹೊರಟ. ಚಾಂದನಿಗೆ ಛಡಿ ತೋರಿಸಲಿಲ್ಲ, ‘ಚಲ್’ ಎನ್ನಲಿಲ್ಲ. ಅದು ತಾನಾಗಿಯೇ ನಡೆದು ಮಾಯಮ್ಮನ ಬಾಗಿಲಲ್ಲಿ ನಿಂತಿತು.

ಮಾಯಮ್ಮ ಬಿಲ್ಲೆಯನ್ನು ತಿರುಗಿಸಿ ನೋಡಿ, ಗಡಿಗೆಯ ಬಾಯಿಗೆ ಇಟ್ಟು ನೋಡಿದಳು. ಅದು ಒಳಕ್ಕೆ ಬಿತ್ತು. ತೆಗೆದು ಸೆರಗಿನಲ್ಲಿ ಒರೆಸಿದಳು.

“ಇದ್ನ ಕಟ್ಕೊಂಡು ನಾನ್ ಗೇಟ್ತಾವ ನಿಂತ್ರೆ ಬೆಟ್ಟದ್ ಮ್ಯಾಗೆ ಯಾರ್ಲಾ ಇರೋದು? ನೀನೇ ಇಟ್ಕೊ.”

“ಬೇರೆ ಮನುಷ್ಯನ ಎದೆ ಮೇಲೆ ಕಾಣಬಾರ್ದಂತಮ್ಮ.”

ಮಾಯಮ್ಮ ಚಾಂದನಿಯ ಕಡೆ ನೋಡಿದಳು. ಎದ್ದು ಹೋಗಿ ಗೂಟಕ್ಕೆ ಕಟ್ಟಿದ್ದ ದಾರ ಬಿಚ್ಚಿಕೊಂಡು ಬಂದಳು.

“ಇದು ಮನುಸ್ಯನಾ?” ಎಂದಳು.

ಅಂದಿನಿಂದ ಬಂಗಲೆಯಲ್ಲಿ ಅದೇ ಪದ್ಧತಿಯಾಯಿತು. ಜಟಕಾ ಬಂದಾಗ ನಿಜಾಮುದ್ದೀನ್ ಹುಣಸೆಮರದ ಕೆಳಗೆ ಇಳಿದುಕೊಳ್ಳುತ್ತಾನೆ. ಕರಿಯಪ್ಪ ಗೇಟು ತೆರೆಯುತ್ತಾನೆ. ಕುತ್ತಿಗೆಯಲ್ಲಿ ಬಿಲ್ಲೆ ಹೊಳೆಯಿಸುತ್ತಾ ಚಾಂದನಿ ಒಂದೇ ಒಳಕ್ಕೆ ಹೋಗಿ ಜಗಲಿಯ ಮುಂದೆ ನಿಲ್ಲುತ್ತದೆ. ಪ್ರವಾಸಿಗರು ಹತ್ತಿಕೊಳ್ಳುತ್ತಾರೆ. ಅದು ಅವರನ್ನು ಹುಣಸೆಮರದವರೆಗೆ ಕರೆತಂದ ಮೇಲೆ ನಿಜಾಮುದ್ದೀನ್ ಲಗಾಮು ಹಿಡಿಯುತ್ತಾನೆ. ಬೆಟ್ಟ ನೋಡಬೇಕೆನ್ನುವವರಿಗೆ ನೀರಿನ ಬಾಟಲಿ ಬೇಡ, ಮೇಲೆ ಎಲ್ಲ ಇದೆ ಎಂದು ಹೇಳುತ್ತಾನೆ. ಒಂದೊಂದು ದಿನ ಚಾಂದನಿ ಒಳಗೆ ಬಂಗಲೆಯ ಕಣಗಿಲೆ ಮೂಸುತ್ತಾ ತಡಮಾಡುವುದುಂಟು. ಆಗ ಅವನು ಮರದ ಬುಡದಲ್ಲಿ ತಾಳ್ಮೆಯಿಂದ ಕಾಯುತ್ತಾನೆ.

ಮೊದಮೊದಲು ಕರಿಯಪ್ಪ ಮುಖ ಗಂಟು ಹಾಕಿಕೊಂಡೇ ಗೇಟು ತೆರೆಯುತ್ತಿದ್ದ. ಬರಬರುತ್ತಾ ಬಿಲ್ಲೆಗೆ ಮರ್ಯಾದೆ ಕೊಡಬೇಕಲ್ಲ ಎಂದು ಚಾಂದನಿಗೆ “ಬನ್ನಿ, ಬನ್ನಿ” ಎನ್ನತೊಡಗಿದ. ನಿಜಾಮುದ್ದೀನನಿಗೆ ಮಾತ್ರ ಕೊನೆಯವರೆಗೂ “ಲೇ” ತಪ್ಪಲಿಲ್ಲ.