ಅಂಟು ಕಿತ್ತು ಬಂದೀತೆಂದು ಕೆಮ್ಮದ ದ್ಯಾಮಪ್ಪ

ಬಂದ ಕೆಮ್ಮನ್ನೆಲ್ಲ ನುಂಗಿಕೊಂಡು ಸೆಟೆದು ಕೂತಿದ್ದ ಗಂಡನನ್ನು ನೋಡಿ ಹೊನ್ನವ್ವನಿಗೆ ಮೈಯೆಲ್ಲ ಉರಿಯಿತು. ರಾಜಾಜಿನಗರದ ಆಸ್ಪತ್ರೆಯಲ್ಲಿ ದ್ಯಾಮಪ್ಪನ ಶ್ವಾಸಕೋಶದ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದಿದ್ದರು. ಪಕ್ಕೆಯಿಂದ ಹೊರಟ ಪೈಪು ಮಂಚದ ಕೆಳಗಿನ ನೀರಿನ ಬಾಟಲಿಗೆ ಇಳಿದಿತ್ತು. ಆ ನೀರಿನಲ್ಲಿ ಗುಳ್ಳೆ ಎದ್ದರೆ ಒಳಗೆ ಗಾಳಿ ಸೋರುತ್ತಿದೆ ಎಂದರ್ಥ.

ಅದನ್ನು ದ್ಯಾಮಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸುಂಕದಕಟ್ಟೆಯ ಕಾಯಿನ್ ಫೋನ್ ಬೂತಿನ ಪಕ್ಕ ಅವನದು ಪಂಕ್ಚರ್ ಅಂಗಡಿ. ಅದು ಗೊತ್ತಿದ್ದೇ ಡಾಕ್ಟರ್ ಪುರುಷೋತ್ತಮ ತಮಾಷೆ ಮಾಡಿದ್ದರು.

"ಹೊಲಿಗೆ ಮೇಲೆ ಗಾಳಿ ಸೋರದ ಹಾಗೆ ಅಂಟು ಹಚ್ಚಿದೀವಿ ಕಣಪ್ಪಾ. ನೀನು ಪಂಕ್ಚರಿಗೆ ಹಚ್ಚೋ ಸೊಲ್ಯೂಷನ್ ಇದ್ದ ಹಾಗೆ. ಹುಷಾರಾಗಿರು."

ಜೊತೆಗಿದ್ದ ಕಿರಿಯ ಡಾಕ್ಟರುಗಳು ಕಿಸಕ್ಕನೆ ನಕ್ಕು ಮುಂದಿನ ಮಂಚಕ್ಕೆ ಹೋದರು. ಹುಷಾರು ಅಂದರೆ ಹೇಗೆ ಎಂದು ಹೇಳುವ ಪುರುಸೊತ್ತು ಯಾರಿಗಿತ್ತು!

ಸೊಲ್ಯೂಷನ್ ಒಣಗುವವರೆಗೆ ಟ್ಯೂಬನ್ನು ಅಲುಗಾಡಿಸಬಾರದು. ದ್ಯಾಮಪ್ಪನ ತಲೆಯಲ್ಲಿ ಕೂತದ್ದು ಅದೊಂದೇ. ಉಸಿರನ್ನೂ ಅರ್ಧಕ್ಕೇ ನಿಲ್ಲಿಸತೊಡಗಿದ. ದೊಡ್ಡ ಡಾಕ್ಟರೇ ಹುಷಾರು ಅಂದ ಮೇಲೆ, ಕಫ ಹೊರಗೆ ಬರಲಿ, ಕೆಮ್ಮು ಎನ್ನುವ ನರ್ಸಮ್ಮನ ಮಾತು ಯಾವ ಲೆಕ್ಕ? ಕಫ ಕಟ್ಟಿ ಜ್ವರ ಏರಿತು. ಹೊನ್ನವ್ವ ಪೀಡಿಸಿ ಕೇಳಿದ್ದಕ್ಕೆ, "ಅಂಟು ಇನ್ನಾ ಹಸೀ ಐತಿ, ಕಿತ್ತು ಬರ್ತೈತಿ" ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ಪುರುಷೋತ್ತಮ ರೌಂಡ್ಸಿಗೆ ಬಂದರು. "ಕಫ ಹೊರಗೆ ಬರ್ಲಿಲ್ಲ ಅಂದ್ರೆ ಗಂಟಲಿಗೆ ಪೈಪ್ ಹಾಕಿ ಐಸಿಯುಗೆ ಕಳಿಸ್ಬೇಕಾಗುತ್ತೆ. ಈ ಜನಕ್ಕೆ ಹೇಳಿದ್ದು ಅರ್ಥಾನೇ ಆಗಲ್ಲ!"

ಈ ಜನವಂತೆ! ಹೊನ್ನವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಸೊಲ್ಯೂಷನ್ ಅಂದಾವ್ರು ನೀವ ಅಲ್ಲೇನ್ರಿ ಸರ? ಅದು ಕಿತ್ತು ಬಂದೀತಂತ ಅಂಜಿ ಕುಂತಾರ ನನ್ನ ಗಂಡ!" ಮರುಕ್ಷಣ ಗಂಡನತ್ತ ತಿರುಗಿದಳು. "ನೀವರ ಏನ್ರೀ? ಪಂಚರ್ ಹಚ್ಚಿದ ಟ್ಯೂಬ್ ಗೂಟಕ್ಕ ತೂಗಹಾಕಿ ಕುಂದರ್ತೀರೇನು? ಗಾಳಿ ತುಂಬಿ ನೀರಾಗ ಅದ್ದಿ ನೋಡೂದಿಲ್ಲೇನು? ಕೆಮ್ಮರಿ!"

ದ್ಯಾಮಪ್ಪ ಡಾಕ್ಟರ ಮುಖ ನೋಡಿದ. ಅವರು ತಲೆಯಾಡಿಸಿದರು. ದಿಂಬನ್ನು ಪಕ್ಕೆಗೆ ಒತ್ತಿಕೊಂಡು ಕೆಮ್ಮಿದ, ನೋವಿಗೆ ಕಣ್ಣಲ್ಲಿ ನೀರು ಬಂದರೂ ಇನ್ನೊಮ್ಮೆ ಕೆಮ್ಮಿದ. ಗಟ್ಟಿ ಕಫ ಬಟ್ಟಲಿಗೆ ಬಿತ್ತು. ಎಲ್ಲರ ಕಣ್ಣೂ ಬಾಟಲಿಯ ಮೇಲೆ. ಒಂದು ಗುಳ್ಳೆಯೂ ಏಳಲಿಲ್ಲ.

"ನೋಡಿದ್ರಾ, ನಮ್ಮ ಅಂಟು ಹೇಗೆ ಹಿಡ್ಕೊಂಡಿದೆ!" ಎಂದು ಬೀಗುತ್ತ ಪುರುಷೋತ್ತಮ ಪಕ್ಕದ ಮಂಚದತ್ತ ತಿರುಗಿದರು. ಅಲ್ಲಿ ಹಿಂದಿನ ದಿನವಷ್ಟೇ ಆಪರೇಷನ್ ಆದ ಗಂಗಾಧರಯ್ಯ ಮಿಕಮಿಕ ನೋಡುತ್ತಿದ್ದರು.

ಗಂಡನ ಬಾಯಿ ಒರೆಸುತ್ತಲೇ ಹೊನ್ನವ್ವ ಗುಡುಗಿದಳು: "ಅವರಿಗರ ಮೊದ್ಲ ಕೆಮ್ಮಂತ ಹೇಳ್ರಿ ಸರ. ಆಮ್ಯಾಲೆ ನಗೂವಂತ್ರಿ!"