ದೋಣಿಯ ಅಂಚು ತಿಂದ ಹಗ್ಗ

ಗೂಗಲ್ ಊರಿನಲ್ಲಿ ಜನರನ್ನು ಹೊಳೆ ದಾಟಿಸುವ ಜಂಬಮ್ಮನ ಫೈಬರ್ ದೋಣಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಮುಂದಿನ ಅಂಚು ಆಗಲೇ ಸವೆದುಹೋಗಿತ್ತು. ದಡದ ಕಲ್ಲುಕಂಬಕ್ಕೆ ಕಟ್ಟಿದ ನೈಲಾನ್ ಹಗ್ಗ ಆ ಅಂಚಿನ ಮೇಲೆ ಹಾದುಹೋಗುತ್ತಿತ್ತು. ಕೃಷ್ಣೆಯ ನೀರು ದೋಣಿಯನ್ನು ಅಲುಗಿಸಿದಂತೆಲ್ಲ ಹಗ್ಗ ಉಜ್ಜುತ್ತಿತ್ತು. ಹಳೆಯ ಸೀರೆ ಸುತ್ತಿ ನೋಡಿದಳು; ನಾಲ್ಕೇ ದಿನಕ್ಕೆ ಚಿಂದಿಯಾಯಿತು.

ರಾಯಚೂರಿನಿಂದ ಬಂದ ಫೈಬರ್ ಮೇಸ್ತ್ರಿ ಸಮೀಉಲ್ಲಾ ಅಂಚು ಮುಟ್ಟಲು ಹೋಗಿ ಸರಕ್ಕನೆ ಕೈ ಎಳೆದುಕೊಂಡ.

"ಯವ್ವಾ, ಇದು ಗಾಜಿನ ಎಳಿ. ಚುಚ್ಚಿದ್ರ ದಿನಾಪೂರ್ತಿ ಕಡೀತದ. ನಾ ತೇಪಿ ಹಾಕ್ತೀನಿ. ಆದ್ರ ಮ್ಯಾಲೆ ದಪ್ಪನ ರಬ್ಬರ್ ಬೇಕು. ರೈಸ್ ಮಿಲ್ಲಿನ ಗಾಲಿ ತಿರುಗಿಸೋ ಹಳೇ ಪಟ್ಟಾ ಒಂದು ಮಾರು ಸಿಕ್ರ ಸಾಕು."

ಮಾನ್ವಿಯ ರೈಸ್ ಮಿಲ್ ಸಾಹುಕಾರ ಚನ್ನವೀರ ಪ್ರತಿ ಸೋಮವಾರ ಹೆಂಡತಿ ಶಿವಗಂಗಾಳೊಂದಿಗೆ ಅಲ್ಲಮಪ್ರಭುವಿನ ಗುಡಿಗೆ ಬರುತ್ತಿದ್ದ. ಆಮೇಲೆ ಇದೇ ದೋಣಿಯಲ್ಲಿ ಆಚೆ ದಡದ ತನ್ನ ಹೊಲಕ್ಕೆ ಹೋಗುತ್ತಿದ್ದ. ಜಂಬಮ್ಮ ಅವನನ್ನೇ ಕೇಳಿದಳು.

"ಸಾವ್ಕಾರ್ರಾ, ಒಂದು ತುಂಡು ಹಳೇ ಪಟ್ಟಾ ಕೊಡ್ರಿ. ಹಗ್ಗ ದೋಣಿ ತಿನ್ನಾಕತ್ತದ."

"ಹಗ್ಗಕ್ಕೇನು ಹಲ್ಲು ಅದಾವೇನ್ ಜಂಬಮ್ಮ? ಮೆತ್ತಗಿನ ಹಗ್ಗ, ಕಲ್ಲಿನಂಥಾ ದೋಣಿ!" ಚನ್ನವೀರ ಹೊಟ್ಟೆ ಕುಲುಕಿಸಿ ನಕ್ಕ.

"ಹಂಗಾದ್ರ ಇವತ್ತು ಮುಂದ ಕುಂದರ್ರಿ. ಗಾಳಿ ಛಲೋ ಬರ್ತದ. ಅಂಚು ಮಾತ್ರ ಚುಚ್ಚತದ ನೋಡ್ರಿ."

"ನನಗ ಹೇಳಾಕ ಬರ್ತೀಯಲ್ಲ!" ಎನ್ನುತ್ತ ಅವನು ತೆಳ್ಳನೆಯ ಮಲ್ಲಿನ ಧೋತರದಲ್ಲಿ ಸವೆದ ಅಂಚಿನ ಮೇಲೆಯೇ ಕುಳಿತ. ಶಿವಗಂಗಾ ಏನೋ ಹೇಳಲು ಬಾಯಿ ತೆರೆದಳು. ಜಂಬಮ್ಮ ಹುಬ್ಬು ಹಾರಿಸಿದಳು. ಶಿವಗಂಗಾ ಬಾಯಿ ಮುಚ್ಚಿಕೊಂಡು ನೀರು ನೋಡತೊಡಗಿದಳು.

ನಡುಹೊಳೆಯಲ್ಲಿ ಚನ್ನವೀರ ಒಮ್ಮೆ ಸರಿದು ಕುಳಿತ. ಮತ್ತೆ ಸರಿದ. ಹೊಲದಲ್ಲಿ ಒಂದು ಕೈಯಿಂದ ಬದು ತೋರಿಸುತ್ತ ಆಳುಗಳಿಗೆ ಕೆಲಸ ಹೇಳಿದ. ಇನ್ನೊಂದು ಕೈ ಬೆನ್ನ ಹಿಂದೆ, ಕೆಳಗೆ, ಬಿಡುವಿಲ್ಲದೆ ದುಡಿಯುತ್ತಿತ್ತು.

"ಇರುವಿ ಹೊಕ್ಕಾವೇನ್ರೀ?" ಎಂದು ಆಳು ಕನಕಪ್ಪ ಕಾಳಜಿಯಿಂದಲೇ ಕೇಳಿದ.

ಮರಳುವಾಗ ಅವನು ಕೂರಲೇ ಇಲ್ಲ.

"ಮೆತ್ತಗಿನ ಹಗ್ಗ ಭಾಳ ಕಡೀತೇನ್ರೀ?" ಎಂದಳು ಶಿವಗಂಗಾ. ನಗು ತಡೆಯಲಾಗದೆ ಜಂಬಮ್ಮನ ಕೈಯಿಂದ ಹುಟ್ಟು ಜಾರಿತು. ಆದರೆ ಅವನ ಕಣ್ಣಲ್ಲಿ ನೀರಾಡಿದ್ದು ಕಂಡು ಪಾಪವೆನಿಸಿತು. ಇಳಿಯುವಾಗ ಶಿವಗಂಗಾಳ ಕಿವಿಯಲ್ಲಿ ಹೇಳಿದಳು: "ಅಂಟು ಟೇಪ್ ಹಚ್ಚಿ ಕಿತ್ರ ಎಳಿ ಬರ್ತಾವ್ರೀ ಯವ್ವಾ."

"ಕೀಳೋದು ನನಗ ಬಿಡು," ಎಂದಳು ಶಿವಗಂಗಾ.

ಮುಂದಿನ ಸೋಮವಾರ ಜೀಪಿನಿಂದ ಇಳಿದದ್ದು ಒಂದಲ್ಲ, ನಾಲ್ಕು ಮಾರು ಪಟ್ಟಾ. ಸಮೀಉಲ್ಲಾ ತೇಪೆ ಹಾಕಿ ಹೋಗಿದ್ದ ಅಂಚಿನ ಮೇಲೆ ಚನ್ನವೀರನೇ ಮಂಡಿಯೂರಿ ಪಟ್ಟಾ ಮಡಿಚಿ ಕೂರಿಸಿದ, ಜಂಬಮ್ಮ ತಂತಿ ಬಿಗಿದಳು.

ಆ ವಾರ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಎರಡು ದಿನ ದೋಣಿ ಹಗ್ಗ ಜಗ್ಗಿ ಜಗ್ಗಿ ಕುಣಿಯಿತು. ನೀರಿಳಿದ ಬೆಳಿಗ್ಗೆ ಜಂಬಮ್ಮ ತಂತಿ ಬಿಚ್ಚಿದಳು. ಪಟ್ಟಾ ಉಜ್ಜಿಸಿಕೊಂಡು ಮಿರಮಿರ ಮಿನುಗುತ್ತಿತ್ತು. ಅದರಡಿಯ ಅಂಚಿಗೆ ಒಂದು ಗೀರೂ ಇರಲಿಲ್ಲ. ಮಗುವಿನ ತಲೆ ಸವರುವಂತೆ ಅದನ್ನು ಬಹಳ ಹೊತ್ತು ಸವರಿದಳು.

ಸೋಮವಾರ ಸಾಹುಕಾರ ಬಂದಾಗ, "ಕುಂದರ್ರಿ, ಈಗ ಹಾಸಿಗಿ ಆದಂಗ ಆಗ್ಯಾದ," ಎಂದಳು.

"ಬ್ಯಾಡ ಬ್ಯಾಡ. ನಿಂತ್ರ ಹೊಲ ಚೆಂದ ಕಾಣ್ತದ," ಎಂದ ಚನ್ನವೀರ, ಆಚೆ ದಡ ಮುಟ್ಟುವವರೆಗೂ ಹೆಂಡತಿಯ ಭುಜ ಹಿಡಿದು ನಿಂತೇ ಇದ್ದ.