ಮುಟ್ಟಿದಾಗ ಹೂಂ ಅನ್ನಿ

ಕಾಗದ ಸರಸರ ಅನ್ನುತ್ತದೆ, ತೊಡೆಯ ಕೆಳಗೆ, ಚೂರು ಅಲುಗಿದರೂ ಸಾಕು, ಈ ಮೇಜಿನ ಮೇಲೆ ಹಾಸುವ ಬಿಳಿ ಕಾಗದ, ಮಾಂಸದಂಗಡಿಯಲ್ಲಿ ಸುತ್ತಿ ಕೊಡುವುದೂ ಇದರಲ್ಲೇ ಇರಬೇಕು – ಹತ್ತೊಂಬತ್ತು ವರ್ಷ ಇದೇ ಮೇಜಿನ ಮೇಲೆ ಕೂತಿದ್ದೇನೆ, ಆಗ ಎದುರಿಗಿದ್ದದ್ದು ಡಾಕ್ಟರ್ ವಿಟ್‌ಕೂಂಬ್, ಅವರ ಹೊಟ್ಟೆ, ಅವರ ಮೀನಿನ ಕಥೆಗಳು, ಗೋಡೆಯ ಮೇಲೆ ಅವರು ಹಿಡಿದ ಮೀನಿನ ಪಟ ಇದ್ದ ಕಡೆ ಈಗ ಬರೀ ಒಂದು ಚೌಕದ ಗುರುತು, ಬಾಗಿಲಿಗೆ ಹೊಸ ಫಲಕ, ರೊಶೆಲ್ ಬೆಗ್ಲಿ, ನರ್ಸ್ ಪ್ರಾಕ್ಟೀಷನರ್. ವಿಟ್‌ಕೂಂಬ್ ನಿವೃತ್ತರಾಗಿ ಫ್ಲಾರಿಡಾಕ್ಕೆ ಹೋದರು, ಒಂದು ವರ್ಷ ಯಾರೂ ಬರಲಿಲ್ಲ, ಈ ಬೆಟ್ಟಗಳ ಸಂದಿಗೆ, ಮುದಿ ಸೈನಿಕರ ಕೆಮ್ಮು ಕೇಳುವುದಕ್ಕೆ ಯಾವ ಡಾಕ್ಟರ್ ಬರುತ್ತಾನೆ, ಕೊನೆಗೆ ಇವಳನ್ನು ಕಳಿಸಿದರು, ಪರೀಕ್ಷೆ ಇವಳದೇ, ಔಷಧಿ ಬರೆಯುವುದು ಇವಳೇ, ಸಹಿಯೂ ಇವಳದೇ. ನಾನು ಓಡಿಸುವ ಗಾಡಿಯಲ್ಲಿ ಬರುವಾಗ ಹಿಂದಿನ ಸೀಟಿನಿಂದ ಹೋಬರ್ಟ್ ಹೇಳಿದ, ಯುದ್ಧಕ್ಕೆ ಕಳಿಸೋವಾಗ ದೊಡ್ಡ ದೊಡ್ಡ ಜನರಲ್ಲುಗಳು, ಕೆಮ್ಮು ಬಂದಾಗ ನರ್ಸಮ್ಮ, ನಮ್ಮ ಬೆಲೆ ಇಷ್ಟೇ ಕಣ್ರಯ್ಯಾ – ಮೂಗಿಗೆ ಆಮ್ಲಜನಕದ ನಳಿಕೆ ಇದ್ದರೂ ಅವನ ಬಾಯಿಗೆ ಬೀಗವಿಲ್ಲ – ಅದಕ್ಕೆ ಆರ್ಲಿಸ್, ಸುಮ್ನಿರೋ, ಅವಳು ಹೋದ್ಸಲ ಇಪ್ಪತ್ತು ನಿಮಿಷ ನನ್ನ ಮುಖಾನೇ ನೋಡ್ಕೊಂಡು ಕೂತಿದ್ಲು, ನನ್ ಹೆಂಡ್ತೀನೇ ನಲವತ್ತು ವರ್ಷದಲ್ಲಿ ಅಷ್ಟೊತ್ತು ನೋಡಿಲ್ಲ. ಎಲ್ಲರೂ ನಕ್ಕರು. ನನ್ನ ಜೇಬಿನಲ್ಲಿ ಒಂದು ಹಾಳೆ ಇದೆ, ನಾಲ್ಕು ಮಡಿಕೆ, ಡೆನ್ಜಿಲ್ ರಾಟ್ಲಿಫ್, ವಯಸ್ಸು ಎಪ್ಪತ್ನಾಲ್ಕು, ಮಾಜಿ ಸೈನಿಕರನ್ನು ಆಸ್ಪತ್ರೆಗೆ ಕರೆತರುವ ಗಾಡಿಯನ್ನು ಇನ್ನೊಂದು ವರ್ಷ ಓಡಿಸಲು ದೇಹ ಸಮರ್ಥವಾಗಿದೆ, ಕೆಳಗೆ ಒಂದು ಖಾಲಿ ಗೆರೆ. ಆ ಗೆರೆಯ ಮೇಲೆ ಸಹಿ ಬೇಕು, ಅಷ್ಟೇ.

ಬೂಟು ಬಿಚ್ಚಿ ರಾಟ್ಲಿಫ್ ಅವರೇ. ಬೂಟು ಯಾಕಮ್ಮಾ, ಕಾಲಿಗೇನಾಗಿಲ್ಲ, ವಿಟ್‌ಕೂಂಬ್ ಸಾಹೇಬ್ರು ಯಾವಾಗಲೂ ಚೆನ್ನಾಗಿದೆ ಅಂತಾನೇ ಬರೀತಿದ್ರು. ಬರ್ದಿದಾರೆ, ನೋಡ್ದೆ, ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷ ಅಂತಲೂ ಬರ್ದಿದಾರೆ, ಬಿಚ್ಚಿ. ಚೂಯಿಂಗ್ ಗಮ್ ಅಗಿಯುತ್ತಾಳೆ, ನಲವತ್ತು ದಾಟಿರಬಹುದು, ಇರಾಕಿನಲ್ಲಿ ದಳದ ವೈದ್ಯಕೀಯ ಸಹಾಯಕಿಯಾಗಿದ್ದಳಂತೆ, ನೆಲದ ಮೇಲೆ ಮೊಣಕಾಲೂರಿ ಕೂತೇಬಿಟ್ಟಳು, ಡಾಕ್ಟರು ಎಂದೂ ಕೂತವರಲ್ಲ, ಹೊಟ್ಟೆ ಬಿಡಬೇಕಲ್ಲ – ಅಲ್ಲಿ, ಯುದ್ಧದಲ್ಲಿ, ಕೆಸರಿನ ಗದ್ದೆಗಳ ಅಂಚಿನಲ್ಲಿ, ಪ್ರತಿ ಸಂಜೆ ನಮ್ಮ ದಳದ ಪ್ರೂವಿಟ್ ಹೀಗೇ ಕೂರುತ್ತಿದ್ದ, ಅವನೂ ಡಾಕ್ಟರಲ್ಲ, ಆದರೂ ಡಾಕ್ ಅಂತಲೇ ಕರೆಯುತ್ತಿದ್ದೆವು, ಕಾಲು ತೋರ್ಸ್ರೋ, ಒಬ್ಬೊಬ್ರಾಗಿ, ಬೆರಳ ಸಂದಿಯೆಲ್ಲ ಬಿಡಿಸಿ ನೋಡುತ್ತಿದ್ದ, ಆಗ ಕಾಲು ಕೊಳೆತಿರಲಿ ದೇವರೇ ಅಂತ ಬೇಡಿಕೊಳ್ಳುತ್ತಿದ್ದೆವು, ಕೊಳೆತರೆ ಹಿಂದಕ್ಕೆ ಕಳಿಸುತ್ತಾರೆ, ಈಗ ಚೆನ್ನಾಗಿದೆ ಅನ್ನಬೇಕು, ಇಲ್ಲದಿದ್ದರೆ ಹಿಂದಕ್ಕೆ ಕಳಿಸುತ್ತಾರೆ. ಎಡಗಾಲಿನ ಬೂಟು ಬಂತು. ಬಲಗಾಲಿನದು ಬರುವಾಗ ಟಣ್ ಅಂತ ಏನೋ ನೆಲಕ್ಕೆ ಬಿತ್ತು, ಉರುಳಿ ಕುರ್ಚಿಯ ಕೆಳಗೆ ಹೋಯಿತು, ಅವಳು ಕೈ ಚಾಚಿ ತೆಗೆದಳು. ನಟ್ಟು. ಗಾಡಿಗೆ ಗಾಲಿಕುರ್ಚಿ ಹತ್ತಿಸುವ ಹಲಗೆಯ ನಟ್ಟು, ಶನಿವಾರದಿಂದ ಹುಡುಕುತ್ತಿದ್ದೇನೆ, ಕೊಟ್ಟಿಗೆಯನ್ನೆಲ್ಲ ಎರಡು ಸಲ ಗುಡಿಸಿದೆ, ಪಕ್ಕದ ಮನೆಯವನ ನಾಯಿಗೆ ಶಾಪ ಹಾಕಿದೆ, ನಟ್ಟು ನನ್ನ ಬೂಟಿನಲ್ಲಿ ಕೂತು ನನ್ನ ಜೊತೆಗೇ ಹುಡುಕುತ್ತಿತ್ತು.

ಇದು ನಿಮ್ದಾ? ಹೂಂ, ಸಿಕ್ತಲ್ಲ, ಒಳ್ಳೇದಾಯ್ತು. ಎಷ್ಟು ದಿನದಿಂದ ಒಳಗಿತ್ತು? ಇವತ್ತು ಬೆಳಿಗ್ಗೆ ಬಿದ್ದಿರ್ಬೇಕು ತಾಯೀ – ಇವತ್ತು ಮಂಗಳವಾರ. ಅವಳು ಕಾಲುಚೀಲ ತೆಗೆದಳು, ಕಂದು ಕಲೆ, ಚೀಲ ಚರ್ಮಕ್ಕೆ ಅಂಟಿಕೊಂಡಿತ್ತು, ನೀರು ಹಾಕಿ ಬಿಡಿಸಿದಳು, ಕನ್ನಡಿ ಹಿಡಿದು ತೋರಿಸಿದಳು, ಅಂಗಾಲಿನಲ್ಲಿ ಆರು ಮೂಲೆಯ ಗುಂಡಿ, ಅಚ್ಚೊತ್ತಿದ ಹಾಗೆ, ಅಂಚು ಬಿಳಿ, ಒಳಗೆ ಕೆಂಪು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಅಂಗಾಲಿನದಕ್ಕೆ ಬೇಕು, ದಿನಾ ನೋಡ್ಕೋಬೇಕು, ಯಾರೂ ಹೇಳ್ಲಿಲ್ವಾ ನಿಮ್ಗೆ? ಹೇಳಿರಬಹುದು, ಮೀನಿನ ಕಥೆಗಳ ನಡುವೆ. ಅದು ನನ್ನ ಕಾಲೇ ಅನ್ನಿಸಲಿಲ್ಲ, ಯಾರದೋ ಕಾಲಿನ ಗಾಯ ತೋರಿಸುತ್ತಿದ್ದಾಳೆ, ಪಾಪ ಅನ್ನಬೇಕು, ಅನ್ನಲಿಲ್ಲ. ಗೋಡೆಯಾಚೆ ಹೋಬರ್ಟ್ ಕೆಮ್ಮುತ್ತಾನೆ, ಆರ್ಲಿಸ್ ಏನೋ ಅನ್ನುತ್ತಾನೆ, ಕಾಯುತ್ತಿದ್ದಾರೆ, ಎಪ್ಪತ್ತು ಮೈಲಿ, ಹನ್ನೊಂದು ವರ್ಷದಿಂದ ಮಂಗಳವಾರ ಗುರುವಾರ, ಮನೆಯ ಮುಂದೆ ಅಂಚೆಪೆಟ್ಟಿಗೆಯ ಕಂಬ ಹಿಡಿದು ನಿಂತಿರುತ್ತಾರೆ, ಗಾಡಿ ಬಾರದಿದ್ದರೆ ಹೋಬರ್ಟ್ ಆಸ್ಪತ್ರೆಯ ಮುಖ ನೋಡುವುದಿಲ್ಲ, ಕಣ್ಣು ಮಂಜಾದ ಮೇಲೆ ಆರ್ಲಿಸ್ ಕಾರು ಮಾರಿದ, ಮತ್ತೆ ನಾನು, ಮಂಗಳವಾರ ಇಲ್ಲದ ನಾನು, ಗುರುವಾರ ಇಲ್ಲದ ನಾನು, ಬೆಳಿಗ್ಗೆ ಎದ್ದು ಯಾರಿಗೋಸ್ಕರ ಗಡ್ಡ ಬೋಳಿಸಿಕೊಳ್ಳಬೇಕು. ಭಯವಾಗುತ್ತಿದೆ. ಭಯ ಕೂಡ ಪಕ್ಕದ ಕೋಣೆಯಲ್ಲಿ ಯಾರೋ ಹಚ್ಚಿಟ್ಟ ರೇಡಿಯೋದ ಹಾಗೆ ದೂರದಲ್ಲಿದೆ.

ಕಣ್ಣು ಮುಚ್ಕೊಳಿ, ಕಾಲಿಗೆ ಸ್ಪರ್ಶ ಇದ್ಯಾ ನೋಡ್ಬೇಕು, ಈ ದಾರದಲ್ಲಿ ಕಾಲಿನ ಹತ್ತು ಕಡೆ ಮುಟ್ತೀನಿ, ಮುಟ್ಟಿದಾಗ ಹೂಂ ಅನ್ನಿ. ದಾರ ಗೊತ್ತು, ನೈಲಾನಿನದು, ಗಾಳ ಕಟ್ಟುವ ದಾರದಂಥದ್ದು, ವಿಟ್‌ಕೂಂಬ್ ಎಂದೂ ಕಣ್ಣು ಮುಚ್ಚಿಸಿರಲಿಲ್ಲ, ಆದರೂ ಪರವಾಗಿಲ್ಲ, ಅವರ ಲಯ ನನಗೆ ಬಾಯಿಪಾಠ, ಹೆಬ್ಬೆರಳು, ಎಡ ಬಲ, ನಡುಬೆರಳು, ಎಡ ಬಲ, ಕಿರುಬೆರಳು, ಮೆರವಣಿಗೆಯ ಹೆಜ್ಜೆ, ಎರಡೆಣಿಸಿ ಹೂಂ ಅಂದರೆ ಸಾಕು, ಏಳು ವರ್ಷ ಹಾಗೇ ಅಂದಿದ್ದೇನೆ, ಅವರು ಭೇಷ್ ಡೆನ್ಜಿಲ್ ಅಂದು ಸಹಿ ಹಾಕುತ್ತಿದ್ದರು. ಎಡ ಬಲ, ಹೂಂ. ಎಡ ಬಲ, ಹೂಂ. ಬೆಳಿಗ್ಗೆ ರೈಲು ಗೇಟಿನ ಹತ್ತಿರ ಕಾಲು ಬ್ರೇಕಿನ ಮೇಲಿದೆ ಅಂದುಕೊಂಡಿದ್ದೆ, ಒತ್ತಿದೆ, ಗಾಡಿ ಮುಂದೆ ಹೋಯಿತು, ಇನ್ನೂ ಒತ್ತಿದೆ, ಇನ್ನೂ ಮುಂದೆ, ಹೂಂ, ಬಗ್ಗಿ ನೋಡಿದರೆ ಬೂಟು ಪಕ್ಕದ ಪೆಡಲ್ ಮೇಲಿದೆ, ತೊಡೆಯನ್ನು ಕೈಯಿಂದ ಎತ್ತಿ ಬ್ರೇಕಿಗೆ ಹಾಕಿದೆ, ಗೇಟಿನ ಅಡ್ಡಪಟ್ಟಿ ಗಾಜಿಗೆ ತಾಗಿದಾಗ ಗಾಡಿ ನಿಂತಿತು, ಎದುರಿಗೆ ಕಲ್ಲಿದ್ದಲಿನ ಬೋಗಿಗಳು, ಒಂದಾದ ಮೇಲೊಂದು, ಒಂದಾದ ಮೇಲೊಂದು, ಹೂಂ, ಹೋಬರ್ಟ್, ಲೋ ಡೆನ್ಜಿಲ್, ರೈಲಿಗೆ ಮುತ್ತು ಕೊಡೋಕೆ ಹೊರಟ್ಯೇನೋ, ಕುಂಟನಿಗೆ ಎಂಟು ಚೇಷ್ಟೆ, ಎಲ್ಲರೂ ನಕ್ಕರು, ನಾನೂ ನಕ್ಕೆ, ಹೂಂ, ಎಡ ಬಲ, ಹೂಂ.

ಕಣ್ಣು ಬಿಡಿ. ಬಿಟ್ಟೆ. ಅವಳ ಎರಡೂ ಕೈ ತೊಡೆಯ ಮೇಲಿವೆ, ದಾರ ತಟ್ಟೆಯಲ್ಲಿದೆ. ಕೊನೇ ನಾಲ್ಕು ಸಲ ನಾನು ಮುಟ್ಲೇ ಇಲ್ಲ, ಅಂದಳು, ಅದಕ್ಕೆ ಮುಂಚಿನದಕ್ಕೆಲ್ಲ ನಾನು ಮುಟ್ಟೋಕೆ ಮುಂಚೇನೇ ಹೂಂ ಅಂತಿದ್ರಿ. ಅಗಿಯುವುದನ್ನು ನಿಲ್ಲಿಸಿದ್ದಾಳೆ. ಏನಾದರೂ ತಮಾಷೆ ಹೇಳಬೇಕು, ಹೋಬರ್ಟ್ ಆಗಿದ್ದರೆ ಹೇಳುತ್ತಿದ್ದ, ನನಗೆ ವಿಟ್‌ಕೂಂಬ್ ನೆನಪಾಗುತ್ತಾರೆ, ಅವರಿಗೆ ಗೊತ್ತಿತ್ತೇ, ಗೊತ್ತಿದ್ದೂ ಸಹಿ ಹಾಕಿದರೇ, ಗೆಳೆಯನ ಮೇಲಿನ ಮರ್ಯಾದೆಯೋ, ಯಾಕೆ ಬೇಕು ಅಂತಲೋ, ಏಳು ವರ್ಷ ನಾನು ಅವರ ಕಣ್ಣಿಗೆ ಮಣ್ಣೆರಚಿದೆ ಅಂದುಕೊಂಡಿದ್ದೆ, ಅವರು ಕಣ್ಣು ಮುಚ್ಚಿಕೊಂಡೇ ಕೂತಿದ್ದರೋ ಏನೋ. ಗಾಡಿ ಓಡಿಸೋವಾಗ ಯಾವತ್ತಾದ್ರೂ ಕಾಲು ತಪ್ಪಿದ್ಯಾ, ಅವಳು ಕೇಳುತ್ತಾಳೆ, ನಿಧಾನ, ದನಿ ಏರಿಸುವುದಿಲ್ಲ, ನೀವು ಇಲ್ಲ ಅಂದ್ರೆ ನಾನು ಇಲ್ಲ ಅಂತಾನೇ ಬರೀಬೇಕು, ಯೋಚನೆ ಮಾಡಿ ಹೇಳಿ. ಗೋಡೆಯಾಚೆ ಆರ್ಲಿಸ್ ನಗುತ್ತಾನೆ. ಇಲ್ಲ ಅಂದರೆ ಮುಗಿಯಿತು, ಒಂದು ಮಾತು, ಗುರುವಾರ ಉಳಿಯುತ್ತದೆ, ಅದೇ ರಸ್ತೆ, ಅದೇ ಗೇಟು, ಹಿಂದಿನ ಸೀಟಿನಲ್ಲಿ ನಳಿಕೆ ಹಾಕಿಕೊಂಡವನು ಹಾಡು ಹೇಳುತ್ತಾ ಕೂತಿರುತ್ತಾನೆ, ಅವನಿಗೆ ಏನೂ ಗೊತ್ತಿಲ್ಲ. ಬೆಳಿಗ್ಗೆ, ಅಂದೆ, ರೈಲು ಗೇಟಿನ ಹತ್ರ. ನನ್ನ ದನಿಯೇ, ಆದರೆ ಬೇರೆ ಯಾರೋ ಒಪ್ಪಿಸುತ್ತಿರುವ ಹಾಗೆ, ಪೂರ್ತಿ ಹೇಳಿದೆ, ತೊಡೆಯನ್ನು ಕೈಯಿಂದ ಎತ್ತಿದ್ದನ್ನೂ ಹೇಳಿದೆ.

ಅವಳು ಬರೆಯಲಿಲ್ಲ. ಹಂಗಾದ್ರೆ ಇವತ್ತು ಅವ್ರನ್ನ ಮನೆಗೆ ಯಾರು ಕರ್ಕೊಂಡೋಗ್ತಾರಮ್ಮಾ? ಗೊತ್ತಿಲ್ಲ, ಯಾರಾದ್ರೂ ಸಿಗ್ತಾರೆ, ಸಿಗದಿದ್ರೆ ನಾನೇ ಹೊರಡ್ತೀನಿ, ನೀವಂತೂ ಓಡಿಸೋ ಹಾಗಿಲ್ಲ, ಹಿಂದಿನ ಸೀಟಲ್ಲಿ ಕೂತ್ಕೊಳಿ. ಹಿಂದಿನ ಸೀಟು, ಹೋಬರ್ಟ್‌ನ ಪಕ್ಕ, ಏನು ಹೇಳಲಿ, ನೀನು ಬೆಳಿಗ್ಗೆ ಸಾಯುವುದರಲ್ಲಿದ್ದೆ ಅನ್ನಲೇ, ಅದಕ್ಕೂ ಅವನು ನಗುತ್ತಾನೆ. ಇನ್ನೊಂದ್ಸಲ ಮಾಡೋಣ, ಕಣ್ಣು ಬಿಟ್ಕೊಂಡೇ ಇರಿ, ನೋಡ್ತಾ ಹೇಳಿ, ನಿಜ ಹೇಳಿ, ಅಷ್ಟೇ. ದಾರ ಎತ್ತಿಕೊಂಡಳು. ಹೆಬ್ಬೆರಳಿನ ತುದಿಗೆ ಇಟ್ಟಳು, ಒತ್ತಿದಳು, ಚರ್ಮದಲ್ಲಿ ಸಣ್ಣ ಕುಳಿ ಬಿತ್ತು, ದಾರ ಬಾಗಿತು, ನಾನು ಕಾಯುತ್ತೇನೆ, ಬರುತ್ತದೆ, ಇಷ್ಟು ವರ್ಷ ನನ್ನನ್ನು ಹೊತ್ತ ಕಾಲು, ಒಂದಾದರೂ ಸುದ್ದಿ ಕಳಿಸೀತು, ದಾರ ಬಾಗಿದೆ, ಇಲ್ಲ, ಅಂದೆ. ನಡುಬೆರಳು, ಬಾಗಿತು, ಇಲ್ಲ. ಕಿರುಬೆರಳು, ಅವಳ ಕೈ ಅಲುಗುವುದಿಲ್ಲ, ನನ್ನ ಕಾಲು ಅಲುಗುವುದಿಲ್ಲ, ಇಲ್ಲ ತಾಯೀ, ದಾರ ಬಾಗುತ್ತದೆ, ಇಲ್ಲ, ದಾರ ಬಾಗುತ್ತದೆ, ದಾರ